ಆರು ದಿನ ಸಹಿ ಇಲ್ಲದ ಪಾಯಿಂಟ್ ಪುಸ್ತಕ: ಬೆಂಗಳೂರಿನ ಒಂದು ಬೀಟಿನ ಕೊರೊನಾ ದಿನಗಳು

ನಮ್ಮ ಮೆಡಿಕಲ್ ಸ್ಟೋರಿನ ಶಟರ್ ಪಕ್ಕದ ಮೊಳೆಯಲ್ಲಿ ಒಂದು ಪುಸ್ತಕ ನೇತಾಡುತ್ತಿರುತ್ತದೆ. ಗೆರೆ ಹಾಕಿದ ಉದ್ದನೆಯ ಪುಸ್ತಕ, ಮೇಲೊಂದು ಪ್ಲಾಸ್ಟಿಕ್ ಕವರ್, ಸೆಣಬಿನ ದಾರ. ಗಸ್ತಿಗೆ ಬಂದ ಪೊಲೀಸರು ಅದರಲ್ಲಿ ತಾರೀಖು, ಟೈಮು ಬರೆದು ಸಹಿ ಹಾಕಿ ಹೋಗುತ್ತಾರೆ. ಪಾಯಿಂಟ್ ಪುಸ್ತಕ ಅಂತಾರೆ ಅದಕ್ಕೆ. 2020ರ ಪುಸ್ತಕವನ್ನು ನಾನು ಎಸೆದಿಲ್ಲ. ಅದರಲ್ಲಿ ಜುಲೈ 11ರ ರಾತ್ರಿ 10.40ಕ್ಕೆ ಒಂದು ಸಹಿ ಇದೆ. ಅದರ ಮುಂದಿನ ಸಹಿ ಜುಲೈ 18ರದ್ದು. ನಡುವೆ ಆರು ದಿನ ಏನೂ ಇಲ್ಲ.

ಆ ಆರು ದಿನದಲ್ಲಿ ನಮ್ಮ ಬೀದಿಯಲ್ಲಿ ಏನಾಯಿತು, ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ಠಾಣೆಯವರೂ ನಾವೂ ಸೇರಿ ಏನು ಮಾಡಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪಶ್ಚಿಮ ಬೆಂಗಳೂರಿನ ಒಂದು ಬಡಾವಣೆಯಲ್ಲಿ 20 ವರ್ಷದಿಂದ ಮೆಡಿಕಲ್ ಅಂಗಡಿ ಇಟ್ಟುಕೊಂಡವನು. ಠಾಣೆಯ ಬೀಟ್ ಸಮಿತಿಯಲ್ಲೂ ಇದ್ದೇನೆ. ಬೀಟ್ ಅಂದರೆ ಒಬ್ಬ ಪೊಲೀಸರಿಗೆ ಗಸ್ತಿಗೆ ಅಂತ ವಹಿಸಿದ ಬೀದಿಗಳು. ಠಾಣೆಯ ಹೆಸರು, ಜನರ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಯಾರ ಗುರುತೂ ಸಿಗದ ಹಾಗೆ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ.

ಬೀದಿ ಮತ್ತು ಬೀಟ್

ನಮ್ಮ ಬೀಟಿಗೆ ಎರಡು ಮುಖ. ಮೇನ್ ರೋಡಿನ ಕಡೆ ಮೂವತ್ತು ನಲವತ್ತರ ಸೈಟಿನ ಮನೆಗಳು. ಅಲ್ಲಿ ರಿಟೈರ್ ಆದವರು ಜಾಸ್ತಿ. ಮಕ್ಕಳು ಹೊರದೇಶದಲ್ಲೋ ವೈಟ್‌ಫೀಲ್ಡಿನಲ್ಲೋ ಇರುತ್ತಾರೆ. ಹಿಂದಿನ ಕ್ರಾಸುಗಳಲ್ಲಿ ವಠಾರಗಳು. ಒಂದೇ ನಲ್ಲಿ, ಸಾಲು ಮನೆ. ಗಾರ್ಮೆಂಟ್ಸಿಗೆ ಹೋಗುವವರು, ಆಟೋ ಓಡಿಸುವವರು, ಗಾರೆ ಕೆಲಸದವರು ಅಲ್ಲಿದ್ದಾರೆ. ಅದರಾಚೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಲ್ಲಿನ ಲೇಬರ್ ಶೆಡ್ಡುಗಳಲ್ಲಿ ಬಿಹಾರ, ಒಡಿಶಾದ ಹುಡುಗರು ಇದ್ದರು.

ಈ ಬೀಟನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದವರು ಒಬ್ಬ ಹೆಡ್ ಕಾನ್‌ಸ್ಟೆಬಲ್. ಬೀದಿಯವರೆಲ್ಲ ಅವರನ್ನು ಬೀಟ್ ಸರ್ ಅಂತಲೇ ಕರೆಯುತ್ತಿದ್ದೆವು. ದಪ್ಪ ಧ್ವನಿ, ನಿಧಾನದ ನಡಿಗೆ. ಯಾವ ಮನೆಯ ಅಜ್ಜನಿಗೆ ಬಿಪಿ, ಯಾವ ವಠಾರದಲ್ಲಿ ಶನಿವಾರ ರಾತ್ರಿ ಗಲಾಟೆ, ಯಾವ ಹುಡುಗ ಹೊಸದಾಗಿ ಕೆಟ್ಟ ಸಹವಾಸಕ್ಕೆ ಬಿದ್ದಿದ್ದಾನೆ, ಎಲ್ಲ ಅವರಿಗೆ ಗೊತ್ತಿತ್ತು. ಎಲ್ಲೂ ಬರೆದಿಟ್ಟಿರಲಿಲ್ಲ. ನಡೆದು ನಡೆದು ಗೊತ್ತಾಗಿದ್ದು. ಈ ಪ್ರಕರಣದ ತಿರುಳು ಇದೇ ಅಂತ ನನಗೆ ಆಮೇಲೆ ಅರ್ಥವಾಯಿತು.

ಮೊದಲ ತಿಂಗಳುಗಳು

ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ 21 ದಿನದ ಲಾಕ್‌ಡೌನ್ ಹೇಳಿದರು. ಅರ್ಧ ಗಂಟೆಯಲ್ಲಿ ನನ್ನ ಅಂಗಡಿ ಮುಂದೆ ರಸ್ತೆ ತುಂಬಿತು. ಬೀಟ್ ಸರ್ ಬಂದು ಸೀಮೆಸುಣ್ಣ ಕೇಳಿದರು. ಅಂಗಡಿಯಲ್ಲಿ ಇರಲಿಲ್ಲ. ಪಕ್ಕದ ಮನೆಯಿಂದ ರಂಗೋಲಿ ಪುಡಿ ತಂದು ರಸ್ತೆಯಲ್ಲಿ ಸುತ್ತು ಹಾಕಿದರು. ಜನ ಒಬ್ಬೊಬ್ಬರಾಗಿ ಸುತ್ತಿನೊಳಗೆ ನಿಂತರು. ಆ ರಾತ್ರಿ ಒಂದೇ ಒಂದು ಜೋರು ಮಾತಿಲ್ಲದೆ ಮುಗಿಯಿತು.

ಊರಿನ ಎಲ್ಲ ಕಡೆ ಹಾಗೆ ಇರಲಿಲ್ಲ. ಮೊದಲ ದಿನಗಳಲ್ಲಿ ಲಾಠಿ ಏಟಿನ ವಿಡಿಯೋಗಳು ಓಡಾಡಿದವು. ತರಕಾರಿಯವರಿಗೆ, ಔಷಧ ತರಲು ಹೊರಟವರಿಗೂ ಏಟು ಬಿತ್ತು. ಆಗಿನ ಕಮಿಷನರ್ ಭಾಸ್ಕರ್ ರಾವ್ ಅವರೇ ಲಾಠಿ ಠಾಣೆಯಲ್ಲಿ ಬಿಟ್ಟು ಹೋಗಿ ಅಂತ ಸಿಬ್ಬಂದಿಗೆ ಹೇಳಬೇಕಾಯಿತು. ಆ ಮಾತು ಬಂದಿದ್ದು ಒಳ್ಳೆಯದಾಯಿತು. ಏಟು ತಿಂದ ಬೀದಿಯವರು ನಾಳೆ ಪೊಲೀಸರ ಹತ್ತಿರ ಬಂದು ಮನೆಯ ಕಷ್ಟ ಹೇಳಿಕೊಳ್ಳುತ್ತಾರಾ?

ಕೆಲಸ ಒಂದರ ಮೇಲೊಂದು ಬಂದು ಬಿತ್ತು. ಹೊರದೇಶದಿಂದ ಬಂದವರ ಕೈಗೆ ಸೀಲ್ ಹಾಕಿ ಮನೆಯಲ್ಲಿರಿಸಿದ್ದರು. ಅವರು ಕ್ವಾರಂಟೈನ್ ವಾಚ್ ಆ್ಯಪಿನಲ್ಲಿ ರಾತ್ರಿ ಬಿಟ್ಟು ಗಂಟೆಗೊಂದು ಸೆಲ್ಫಿ ಕಳಿಸಬೇಕು. ಅವರು ಮನೆಯಲ್ಲೇ ಇದ್ದಾರಾ ಅಂತ ಬೀಟಿನವರು ಬಾಗಿಲಿಗೆ ಹೋಗಿ ನೋಡಬೇಕು. ಜೊತೆಗೆ ನಾಕಾಬಂದಿ, ಪಾಸ್ ಚೆಕ್ಕಿಂಗ್, ಮಾರ್ಕೆಟ್ ಬಂದೋಬಸ್ತ್, ಊಟದ ಪೊಟ್ಟಣ ಹಂಚುವ ಕಡೆ ಸಾಲು ನಿಲ್ಲಿಸುವುದು. ಮೇ ತಿಂಗಳಲ್ಲಿ ಶ್ರಮಿಕ್ ರೈಲುಗಳು ಶುರುವಾದವು. ಊರಿಗೆ ಹೋಗುವ ಕಾರ್ಮಿಕರ ಹೆಸರು ಬರೆಸುವ ಸಾಲು ಠಾಣೆ ಬಾಗಿಲಿಗೇ ಬಂತು. ಲೇಬರ್ ಶೆಡ್ಡಿನ ಹುಡುಗರು ತಲೆಯ ಮೇಲೆ ಚೀಲ ಇಟ್ಟುಕೊಂಡು ಎರಡು ದಿನ ಠಾಣೆ ಕಾಂಪೌಂಡಿನ ಹೊರಗೆ ಕೂತಿದ್ದರು. ಅವರಿಗೆ ಹಿಂದಿ ಬಿಟ್ಟರೆ ಬೇರೆ ಬರುವುದಿಲ್ಲ, ಠಾಣೆಯ ಬರವಣಿಗೆ ನೋಡುವ ರೈಟರಿಗೆ ಹಿಂದಿ ಬರುವುದಿಲ್ಲ. ವಠಾರದ ಒಂದು ಹುಡುಗಿ, ಪಿಯುಸಿ ಓದುತ್ತಿದ್ದವಳು, ಮಧ್ಯೆ ಕೂತು ಎಲ್ಲರ ಹೆಸರು ಬರೆಸಿದಳು.

ಇದೆಲ್ಲದರ ನಡುವೆ ಜಾಸ್ತಿ ಜನರನ್ನು ಹಿಡಿದಿಟ್ಟುಕೊಂಡಿದ್ದು ವಾಹನ ಜಪ್ತಿ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಬೈಕ್ ಹಿಡಿದರೆ ಅದರ ನಂಬರ್ ಬರೆಯಬೇಕು, ಕೀಗೆ ಚೀಟಿ ಕಟ್ಟಬೇಕು, ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು, ಆಮೇಲೆ ಅದನ್ನು ಕಾಯಬೇಕು. ಠಾಣೆಯ ಪಕ್ಕದ ಖಾಲಿ ಜಾಗ ಬೈಕುಗಳಿಂದ ತುಂಬಿಹೋಯಿತು. ಮೇ ತಿಂಗಳಲ್ಲಿ ಹೈಕೋರ್ಟ್ ಅನುಮತಿಯ ಮೇಲೆ ದಂಡ ಕಟ್ಟಿಸಿಕೊಂಡು ಬಿಡಲು ಶುರು ಮಾಡಿದರು. ಬೈಕಿಗೆ 500, ಕಾರಿಗೆ 1000 ರೂಪಾಯಿ. ಆಗ ಬಿಡಿಸಿಕೊಳ್ಳುವವರದ್ದೇ ಇನ್ನೊಂದು ಸಾಲು. ನಾಕಾಬಂದಿ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಗಾಡಿ ಕಾಯಲು ನಿಂತ ಪ್ರತಿಯೊಬ್ಬರೂ ಯಾವುದೋ ಬೀಟಿನಿಂದ ಎದ್ದು ಬಂದವರು. ಆ ಲೆಕ್ಕವನ್ನು ಯಾರೂ ಹಾಕಲಿಲ್ಲ ಅನ್ನೋದು ನನ್ನ ದೂರು.

ಕಣ್ಣಿಗೆ ಕಾಣುವ ಕೆಲಸ ಕೂಗಿ ಕರೆಯುತ್ತದೆ. ಕಾಣದ ಕೆಲಸ ಕೂಗುವುದಿಲ್ಲ. ಏಪ್ರಿಲ್‌ನಲ್ಲೇ ರಾಷ್ಟ್ರೀಯ ಮಹಿಳಾ ಆಯೋಗ ಮನೆಯೊಳಗಿನ ಹಿಂಸೆಯ ದೂರುಗಳು ಜಾಸ್ತಿಯಾಗಿವೆ ಅಂತ ಹೇಳಿತ್ತು. ಫೋನ್ ಮಾಡಲು ಆಗದವರಿಗೆ ಅಂತ ಒಂದು ವಾಟ್ಸಾಪ್ ನಂಬರನ್ನೂ ಕೊಟ್ಟಿತ್ತು. ಆದರೆ ನಮ್ಮ ಠಾಣೆಗೆ ಬರುತ್ತಿದ್ದ ಅಂಥ ದೂರು ಕಮ್ಮಿಯಾಗಿತ್ತು. ಬೀದಿ ಶಾಂತವಾಗಿದೆ ಅಂತ ಅಲ್ಲಿ ಕೆಲವರು ಸಮಾಧಾನಪಟ್ಟುಕೊಂಡರು. ನಾನು ಅಂಗಡಿಯಲ್ಲಿ ನಿಂತು ನೋಡುತ್ತಿದ್ದುದು ಬೇರೆ. ಹತ್ತಿ, ಬ್ಯಾಂಡೇಜು, ನೋವಿನ ಮುಲಾಮು ಕೇಳುವ ಹೆಂಗಸರು ಹೆಚ್ಚಿದ್ದರು. ಮೇ 4ಕ್ಕೆ ಮದ್ಯದಂಗಡಿ ತೆರೆದ ಮೇಲೆ ಇನ್ನೂ ಹೆಚ್ಚಾದರು. ಬಸ್ಸಿಲ್ಲ, ತವರಿಗೆ ಹೋಗುವ ದಾರಿಯಿಲ್ಲ, ಗಂಡ ಇಡೀ ದಿನ ಮನೆಯಲ್ಲೇ. ಆ ಹೆಂಗಸು ಠಾಣೆಗೆ ಹೋಗುವುದಾದರೂ ಹೇಗೆ? ಅವಳು ಯಾರ ಅಪ್ಪಣೆಯೂ ಇಲ್ಲದೆ ಬರಬಹುದಾದ ಜಾಗ ಎರಡೇ ಉಳಿದಿದ್ದವು. ಒಂದು ಹಾಲಿನ ಬೂತ್, ಇನ್ನೊಂದು ಮೆಡಿಕಲ್ ಅಂಗಡಿ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಗ ಜ್ವರ, ಕೆಮ್ಮಿನ ಮಾತ್ರೆ ಕೊಂಡವರ ಹೆಸರು, ಫೋನ್ ನಂಬರ್ ಬರೆದಿಡಬೇಕು ಅಂತ ಮೆಡಿಕಲ್ ಅಂಗಡಿಗಳಿಗೆ ಸರ್ಕಾರದ ಆದೇಶ ಇತ್ತು. ನಾನೂ ಬರೆಯುತ್ತಿದ್ದೆ. ಕೆಲವು ದಿನದಲ್ಲೇ ಜನ ಕ್ರೋಸಿನ್ ಕೇಳುವುದನ್ನು ನಿಲ್ಲಿಸಿದರು. ಹೆಸರು ಬರೆದರೆ ಮನೆ ಸೀಲ್‌ಡೌನ್ ಮಾಡುತ್ತಾರೆ ಅಂತ ಭಯ. ಯಾವ ಪುಸ್ತಕದಲ್ಲಿ ಹೆಸರು ಬರೆದರೂ ಜನ ಮೊದಲು ಯೋಚಿಸುವುದು ಇದು ಯಾರ ಕೈಗೆ ಹೋಗುತ್ತದೆ ಅಂತ. ಇದು ಮುಂದೆ ನಮಗೆ ಪಾಠವಾಗಿ ಬಂತು.

ಆರು ದಿನ

ಜುಲೈ ಹೊತ್ತಿಗೆ ಬೆಂಗಳೂರಿನಲ್ಲಿ ಸೋಂಕು ಜೋರಾಯಿತು. ಪೊಲೀಸರಿಗೂ ಹತ್ತಿತು. ವಯಸ್ಸಾದ ಸಿಬ್ಬಂದಿಯನ್ನು, 55 ದಾಟಿದವರನ್ನು, ಬೀದಿ ಡ್ಯೂಟಿಯಿಂದ ದೂರ ಇಟ್ಟರು. ಅದು ಸರಿಯಾದ ತೀರ್ಮಾನವೇ. ಆದರೆ ಬೀಟನ್ನು ಚೆನ್ನಾಗಿ ಬಲ್ಲವರಲ್ಲಿ ಹೆಚ್ಚಿನವರು ಆ ವಯಸ್ಸಿನವರೇ.

ಜುಲೈ 12, ಭಾನುವಾರ. ಆ ತಿಂಗಳು ಪ್ರತಿ ಭಾನುವಾರ ಲಾಕ್‌ಡೌನ್ ಇತ್ತು. ನಮ್ಮ ಠಾಣೆಯಲ್ಲಿ ಮೊದಲು ಇಬ್ಬರಿಗೆ, ಸಂಜೆಗೆ ಇನ್ನೂ ಕೆಲವರಿಗೆ ಪಾಸಿಟಿವ್ ಅಂತ ಬಂತು. ಠಾಣೆ ಮುಚ್ಚಿ ಔಷಧ ಹೊಡೆದರು. ದೂರು ಇದ್ದವರು ಪಕ್ಕದ ಠಾಣೆಗೆ ಹೋಗಬೇಕು ಅಂತ ಗೇಟಿಗೆ ಚೀಟಿ ಅಂಟಿಸಿದರು. ಸುಮಾರು ಮೂರರಲ್ಲಿ ಒಬ್ಬರು ಸೋಂಕಿನಿಂದಲೋ ಸಂಪರ್ಕದಿಂದಲೋ ಹೊರಗುಳಿದರು. ಬೀಟ್ ಸರ್ ಪ್ರೈಮರಿ ಕಾಂಟ್ಯಾಕ್ಟ್. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ. ಮನೆಗೆ ಹೋಗದೆ ಒಂದು ಲಾಡ್ಜಿನಲ್ಲಿ ಕ್ವಾರಂಟೈನ್ ಆದರು.

ಜುಲೈ 14ರ ರಾತ್ರಿ 8ರಿಂದ 22ರ ಬೆಳಗ್ಗೆ 5ರವರೆಗೆ ಬೆಂಗಳೂರಿಗೆ ಮತ್ತೆ ಲಾಕ್‌ಡೌನ್ ಹಾಕಿದರು. ಉಳಿದಿದ್ದ ಸಿಬ್ಬಂದಿಯೆಲ್ಲ ನಾಕಾಬಂದಿಗೆ ಹೋದರು. ಮೇನ್ ರೋಡಿನಲ್ಲಿ ಬ್ಯಾರಿಕೇಡ್ ಹಾಕಿ ಬಿಗಿಯಾಗಿ ನಿಂತಿದ್ದರು. ಹಿಂದಿನ ಕ್ರಾಸುಗಳಿಗೆ ಯಾರೂ ಬರಲಿಲ್ಲ.

15ರಂದು, ಬುಧವಾರ ಮಧ್ಯಾಹ್ನ, ವಠಾರದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಆ ತಿಂಗಳಲ್ಲಿ ಅವಳು ಬ್ಯಾಂಡೇಜು ಕೇಳಿದ್ದು ಅದು ಮೂರನೇ ಸಲ. ಗಾರ್ಮೆಂಟ್ಸಿನ ಪ್ಯಾಕಿಂಗ್ ಕೆಲಸ ಮೇ ತಿಂಗಳಲ್ಲೇ ಹೋಗಿತ್ತು. ಮಾಸ್ಕ್ ಕಣ್ಣಿನ ತನಕ ಏರಿಸಿಕೊಂಡಿದ್ದಳು. ಎದುರಿನ ಲೈಟುಕಂಬದ ಹತ್ತಿರ ಅವಳ ಗಂಡ ನಿಂತಿದ್ದ. ನಾನು ಹತ್ತಿ ಕಟ್ಟುತ್ತಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಶಟರ್ ಪಕ್ಕದ ಪುಸ್ತಕ ನೋಡುತ್ತಾ ಮೆಲ್ಲಗೆ ಕೇಳಿದಳು:

"ಅಣ್ಣ, ಈ ಬುಕ್ಕಿಗೆ ಸೈನ್ ಹಾಕೋರು ಇವತ್ತು ಬರ್ತಾರಾ?"

ನಾನು ಪುಟ ತಿರುಗಿಸಿದೆ. ನಾಲ್ಕು ದಿನದಿಂದ ಖಾಲಿ. ಏನು ಹೇಳಲಿ? "ಬರ್ತಾರಮ್ಮ" ಅಂದೆ. ಯಾರು ಬರುತ್ತಾರೆ ಅಂತ ನನಗೇ ಗೊತ್ತಿರಲಿಲ್ಲ. ಅವಳು ಚಿಲ್ಲರೆ ಎಣಿಸಿ ಕೊಟ್ಟು ಹೋದಳು. ಮನೆಯಲ್ಲಿದ್ದ ಒಂದೇ ಫೋನು ಮಗನ ಆನ್‌ಲೈನ್ ಕ್ಲಾಸಿಗೆ ಬೇಕು. ಕ್ಲಾಸು ಮುಗಿದ ಮೇಲೆ ಅದು ಗಂಡನ ಜೇಬಿನಲ್ಲಿ. ಅವಳು ತುರ್ತು ನಂಬರ್ 112ಕ್ಕೆ ಹೇಗೆ ಫೋನ್ ಮಾಡುತ್ತಾಳೆ?

ಅವಳ ಬದಲು ನಾನು ಮಾಡಿದೆ. ಪೊಲೀಸರ ಗಸ್ತು ವಾಹನ, ಹೊಯ್ಸಳ ಗಾಡಿ, ಬೇಗನೇ ಬಂತು. ಅದರಲ್ಲಿ ಬಂದವರು ಬೇರೆ ಕಡೆಯಿಂದ ಡ್ಯೂಟಿಗೆ ಹಾಕಿದ್ದವರು. ವಠಾರದ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ "ಯಾರಮ್ಮ ಕಂಪ್ಲೇಂಟ್ ಕೊಟ್ಟಿದ್ದು?" ಅಂದರು. ಎಂಟು ಮನೆಯ ಬಾಗಿಲು ತೆರೆದವು. ಅವಳೂ ಹೊರಗೆ ಬಂದಳು. ಹಿಂದೆ ಗಂಡ. "ಏನಿಲ್ಲ ಸರ್, ಟಿವಿ ಸೌಂಡು ಜಾಸ್ತಿ ಇತ್ತು" ಅಂದಳು. ಅವರು ವಾರ್ನಿಂಗ್ ಕೊಟ್ಟು ಹೊರಟರು. ಅವಳು ಮುಂದಿನ ಐದು ದಿನ ಅಂಗಡಿ ಕಡೆ ಸುಳಿಯಲಿಲ್ಲ. ಆ ಐದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಫೋನ್ ಮಾಡಿ ನಾನೇ ಅವಳ ಕಷ್ಟ ಹೆಚ್ಚು ಮಾಡಿದೆನಾ ಅಂತ ಇವತ್ತಿಗೂ ಅನಿಸುತ್ತದೆ.

ಹೊಯ್ಸಳದವರ ಮೇಲೆ ಪೂರ್ತಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅವರು ಕರೆ ಬಂದ ಕೂಡಲೇ ಬಂದರು. ಆ ವಠಾರದ ಗೋಡೆಗಳು ಎಷ್ಟು ತೆಳು ಅಂತ ಅವರಿಗೆ ಗೊತ್ತಿರಲಿಲ್ಲ. ಬೀಟ್ ಸರ್ ಆಗಿದ್ದರೆ ನಲ್ಲಿ ಹತ್ತಿರ ನಿಂತು ನೀರಿನ ವಿಚಾರ ಮಾತಾಡುತ್ತಾ, ಅವಳು ಬಿಂದಿಗೆ ತರುವ ತನಕ ಕಾಯುತ್ತಿದ್ದರು.

17ರಂದು ಎರಡನೇ ಪೆಟ್ಟು ಬಿತ್ತು. ಎರಡನೇ ಕ್ರಾಸಿನ ಮೇಲಿನ ಮಹಡಿಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಒಂಟಿಯಾಗಿದ್ದರು. 80ರ ಹತ್ತಿರ ವಯಸ್ಸು. ಬೀಟ್ ಸರ್ ದಿನಾ ಹೋಗುವಾಗ ಕೆಳಗಿಂದಲೇ "ಮೇಷ್ಟ್ರೇ" ಅಂತ ಕೂಗುತ್ತಿದ್ದರು. ಮೇಲಿಂದ "ಇದೀನಪ್ಪಾ" ಅಂತ ಉತ್ತರ ಬರುತ್ತಿತ್ತು. ಅಷ್ಟೇ. ಅದು ಪೊಲೀಸ್ ಕೆಲಸ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ. 17ರ ಬೆಳಗ್ಗೆ ಹಾಲಿನ ಹುಡುಗ ಬಂದಾಗ ಹಿಂದಿನ ದಿನದ ಪ್ಯಾಕೆಟ್ಟು ಬಾಗಿಲಲ್ಲೇ ಇತ್ತು. ಬಾಗಿಲು ಒಡೆದು ನೋಡಿದಾಗ ಮೇಷ್ಟ್ರು ಬಚ್ಚಲಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಒಂದು ಹಗಲು ಒಂದು ರಾತ್ರಿ ತಣ್ಣನೆ ನೆಲದ ಮೇಲೆ ಮಲಗಿದ್ದರು. ಕೊರೊನಾ ಟೆಸ್ಟ್ ರಿಪೋರ್ಟ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಅಂತ ಎರಡು ಆಸ್ಪತ್ರೆ ಹೇಳಿದವು. ಮೂರನೆಯದು ತೆಗೆದುಕೊಂಡಿತು. ಜೀವ ಉಳಿಯಿತು. ನಡಿಗೆ ಮರಳಲಿಲ್ಲ.

ಅವತ್ತೇ ಸಂಜೆ ಲಾಡ್ಜಿನಿಂದ ಬೀಟ್ ಸರ್ ಫೋನ್ ಮಾಡಿದರು. ಧ್ವನಿ ಕುಗ್ಗಿತ್ತು, ಕೆಮ್ಮು ಬೇರೆ. ಮೊದಲು ಕೇಳಿದ್ದು: "ಮೆಡಿಕಲ್ ಅಣ್ಣ, ಮೇಷ್ಟ್ರು ಹೇಗಿದಾರೆ?"

ನಾನು ಹೇಳಿದೆ. ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ "ಬರ್ಕೊಳಿ" ಅಂದರು. ಗೋಡೆಯ ಕ್ಯಾಲೆಂಡರಿನ ಜೂನ್ ಹಾಳೆ ಹರಿದು ಅದರ ಹಿಂದೆ ಬರೆದುಕೊಂಡೆ. ಕೆಮ್ಮುತ್ತಾ, ನಿಲ್ಲಿಸುತ್ತಾ ಒಂದೊಂದೇ ಮನೆ ಹೇಳಿದರು. ಮೂರನೇ ಕ್ರಾಸಿನ ಹಸಿರು ಗೇಟು, ಅಕ್ಕ ತಂಗಿ ಇಬ್ಬರೇ, ತಂಗಿಗೆ ಕಣ್ಣು ಕಾಣಲ್ಲ. ಗಣಪತಿ ಗುಡಿ ಹಿಂದೆ, ತಾಯಿ ಮಗ, ಮಗ ಕುಡಿದು ಬಂದ್ರೆ ತಾಯಿಯನ್ನ ಹೊರಗೆ ಹಾಕ್ತಾನೆ. ಹೀಗೆ 19 ಮನೆ. ಅವರ ತಲೆಯಲ್ಲಿದ್ದ ಬೀಟು ಆ ಹಾಳೆಗೆ ಇಳಿಯಲು ಮುಕ್ಕಾಲು ಗಂಟೆ ಬೇಕಾಯಿತು. ಬ್ಯಾಂಡೇಜಿಗೆ ಬಂದಿದ್ದ ಹೆಣ್ಣುಮಗಳ ಮನೆ ಅದರಲ್ಲಿ ಏಳನೆಯದು.

ಠಾಣೆಗೆ ಬದಲಿ ಜನ ಬಂದಿದ್ದರು. ಜನರ ಲೆಕ್ಕ ಹೇಗೋ ಸರಿದೂಗಿತ್ತು. ಆದರೆ ಕ್ವಾರಂಟೈನಿಗೆ ಹೋದವರ ಜೊತೆ ಈ 19 ಮನೆಯ ತಿಳಿವಳಿಕೆಯೂ ಹೋಗಿತ್ತು. ಅದಕ್ಕೆ ಬದಲಿ ಯಾರೂ ಬಂದಿರಲಿಲ್ಲ.

ಹೊಂಗೆ ಮರದ ಕೆಳಗೆ

18ರ ಬೆಳಗ್ಗೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಬಂದರು. ವಯಸ್ಸಿನಲ್ಲಿ ಚಿಕ್ಕವರು. ಪುಸ್ತಕ ತೆಗೆದು ನೋಡಿ, "ಯಜಮಾನ್ರೇ, ಆರು ದಿನದಿಂದ ಯಾರೂ ಬಂದಿಲ್ವಾ?" ಅಂತ ಕೇಳಿದರು. ಇಲ್ಲ ಅಂದೆ. ಕ್ಯಾಲೆಂಡರಿನ ಹಾಳೆ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದರು. ತಾವೇ ಸಹಿ ಹಾಕಿದರು.

ಅಷ್ಟರಲ್ಲಿ ಠಾಣೆಯ ಹೊರಗೆ ಹೊಂಗೆ ಮರದ ಕೆಳಗೆ ಶಾಮಿಯಾನ ಹಾಕಿ ದೂರು ತೆಗೆದುಕೊಳ್ಳುತ್ತಿದ್ದರು. ಮಧ್ಯೆ ಟೇಬಲ್ಲು, ಹಗ್ಗ, ಸ್ಯಾನಿಟೈಸರ್ ಬಾಟಲಿ. ಮಾರನೇ ದಿನ ಅಲ್ಲೇ ಆರು ಜನ ಸೇರಿದೆವು. ನಾನು, ಹಾಲಿನ ಬೂತಿನವರು, ಆಶಾ ಕಾರ್ಯಕರ್ತೆ, ಪೌರಕಾರ್ಮಿಕರ ಮೇಸ್ತ್ರಿ, ಮಸೀದಿ ಕಮಿಟಿಯ ಒಬ್ಬ ಹಿರಿಯರು, ಪಿಯುಸಿ ಓದುವ ಆ ಹುಡುಗಿ. ಠಾಣೆಯ ಕಡೆಯಿಂದ ಸಬ್ ಇನ್ಸ್‌ಪೆಕ್ಟರ್ ಮತ್ತು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್.

ಮೊದಲು ಜಗಳವಾಯಿತು. ಪಟ್ಟಿಯನ್ನು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಎಲ್ಲರೂ ನೋಡಿಕೊಳ್ಳುತ್ತಾರಲ್ವಾ ಅಂತ ಒಬ್ಬರು ಹೇಳಿದರು. ಆಶಾ ಅಕ್ಕ ಎದ್ದು ನಿಂತುಬಿಟ್ಟರು. ಮಾರ್ಚಿನಲ್ಲಿ ಹೋಮ್ ಕ್ವಾರಂಟೈನಿನವರ ವಿಳಾಸದ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಓಡಾಡಿತ್ತು. ನಮ್ಮ ಬೀದಿಯಲ್ಲೇ ಒಂದು ಮನೆಗೆ ಹಾಲು ಹಾಕುವುದನ್ನು ನಿಲ್ಲಿಸಿದ್ದರು. ಒಂಟಿ ಮುದುಕರು ಎಲ್ಲಿದ್ದಾರೆ ಅನ್ನೋ ಪಟ್ಟಿ ಕಳ್ಳನ ಕೈಗೆ ಸಿಕ್ಕರೆ? ಗಂಡ ಹೊಡೆಯುವ ಮನೆಗಳ ಪಟ್ಟಿ ಆ ಗಂಡನ ಕಣ್ಣಿಗೇ ಬಿದ್ದರೆ? ಅವರ ಮಾತೇ ಗೆದ್ದಿತು. ಪಟ್ಟಿ ಒಂದೇ ಕಾಗದದಲ್ಲಿ, ಠಾಣೆಯ ಬೀರುವಿನಲ್ಲಿ ಇರಬೇಕು. ಅದನ್ನು ಸಬ್ ಇನ್ಸ್‌ಪೆಕ್ಟರ್ ಮತ್ತು ಬೀಟಿನ ಇಬ್ಬರು ಮಾತ್ರ ನೋಡಬೇಕು. ನಮಗೆ ಯಾರಿಗೂ ಪೂರ್ತಿ ಪಟ್ಟಿ ಇಲ್ಲ. ಹಾಲಿನವರಿಗೆ ಮೂರು ಮನೆ, ಆಶಾ ಅಕ್ಕನಿಗೆ ನಾಲ್ಕು, ನನಗೆ ಔಷಧಕ್ಕೆ ಬರುವ ಐದು. ಪ್ಯಾಕೆಟ್ಟು ಬಾಗಿಲಲ್ಲೇ ಉಳಿದರೆ, ತಿಂಗಳ ಮಾತ್ರೆ ಒಯ್ಯಲು ಯಾರೂ ಬಾರದಿದ್ದರೆ, ಒಂದು ಫೋನ್. ನಾನು ನನ್ನ ಕ್ಯಾಲೆಂಡರಿನ ಹಾಳೆಯನ್ನು ಅಲ್ಲೇ ಒಪ್ಪಿಸಿದೆ.

ಎರಡನೆಯದು, ಪ್ರತಿ ಬೀಟಿಗೂ ಇನ್ನೊಬ್ಬರು. ಒಬ್ಬರು ಮಲಗಿದರೆ ಇನ್ನೊಬ್ಬರಿಗೆ ಮನೆಗಳು ಗೊತ್ತಿರಬೇಕು. ನಮ್ಮ ಬೀಟಿಗೆ ಆ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಎರಡನೆಯವರಾದರು. ಇಬ್ಬರೂ ಒಂದೇ ಶಿಫ್ಟಿನಲ್ಲಿ, ಒಂದೇ ಗಾಡಿಯಲ್ಲಿ ಇರಬಾರದು ಅಂತಲೂ ಮಾಡಿಕೊಂಡರು. ಒಬ್ಬರಿಗೆ ಸೋಂಕು ಬಂದರೆ ಇಬ್ಬರೂ ಒಟ್ಟಿಗೆ ಹೊರಗುಳಿಯಬಾರದಲ್ಲ. ನೋಡಲು ಚಿಕ್ಕ ವಿಷಯ. ನನ್ನ ಮಟ್ಟಿಗೆ ಅವತ್ತಿನ ಅತಿ ಮುಖ್ಯ ತೀರ್ಮಾನ ಅದೇ.

ನಾಕಾಬಂದಿ ಎಷ್ಟೇ ಬಿಗಿಯಿದ್ದರೂ ಬೀಟಿನ ಒಬ್ಬರನ್ನು ಅದಕ್ಕೆ ಎಳೆಯುವುದಿಲ್ಲ ಅಂತ ಸಬ್ ಇನ್ಸ್‌ಪೆಕ್ಟರ್ ಮಾತು ಕೊಟ್ಟರು. ಎಲ್ಲ ದಿನ ಆ ಮಾತು ಉಳಿಯಲಿಲ್ಲ. ಬಹಳ ದಿನ ಉಳಿಯಿತು.

ಏಳನೇ ಮನೆ

20ರಂದು ಆಶಾ ಅಕ್ಕ ಜ್ವರದ ಸರ್ವೆಗೆ ಹೊರಟರು. ಮಹಿಳಾ ಹೆಡ್ ಕಾನ್‌ಸ್ಟೆಬಲ್ ಚೂಡಿದಾರ್ ಹಾಕಿಕೊಂಡು ಜೊತೆಗೆ ಹೋದರು. ಕೈಯಲ್ಲಿ ಥರ್ಮಾಮೀಟರ್ ಗನ್, ರಿಜಿಸ್ಟರ್. ವಠಾರದ ಎಂಟೂ ಮನೆಯವರನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು, ಮೂರು ಅಡಿ ದೂರ ನಿಲ್ಲಿಸಿ, ಜ್ವರ ನೋಡಿದರು. ಎಲ್ಲರಿಗೂ ಅದೇ ಪ್ರಶ್ನೆ. ಅವಳ ಸರದಿ ಬಂದಾಗ ಇನ್ನೊಂದು ಪ್ರಶ್ನೆ ಮೆಲ್ಲಗೆ ಸೇರಿತು. ಅವಳು ತಲೆ ಆಡಿಸಿದಳು, ಅಷ್ಟೇ. "ಬಿಪಿ ಜಾಸ್ತಿ ಕಾಣ್ತಿದೆ, ನಾಳೆ ಹನ್ನೊಂದಕ್ಕೆ ಮೆಡಿಕಲ್ ಹತ್ರ ಬಾಮ್ಮ, ಇನ್ನೊಂದ್ಸಲ ನೋಡೋಣ" ಅಂತ ಆಶಾ ಅಕ್ಕ ಗಂಡನಿಗೂ ಕೇಳುವ ಹಾಗೆ ಹೇಳಿದರು.

ಮಾರನೇ ದಿನ ನನ್ನ ಅಂಗಡಿಯ ಹಿಂದಿನ ಸ್ಟಾಕ್ ರೂಮಿನಲ್ಲಿ, ಡಬ್ಬಗಳ ನಡುವೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅವಳು ಮಾತಾಡಿದಳು. ನಾನು ಹೊರಗಿದ್ದೆ. ಏನು ಹೇಳಿದಳು ಅಂತ ಪೂರ್ತಿ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೆಡ್ ಕಾನ್‌ಸ್ಟೆಬಲ್ ಮೇಡಂ ತಮ್ಮ ಫೋನಿನಿಂದಲೇ 1091ಕ್ಕೆ, ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿಗೆ, ಕರೆ ಮಾಡಿ ಕೌನ್ಸೆಲರ್ ಜೊತೆ ಮಾತಾಡಿಸಿದರು. ಅವಳ ಹಕ್ಕುಗಳನ್ನೂ ಬಿಡಿಸಿ ಹೇಳಿದರು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣೆಯ ಆದೇಶ ಕೇಳಬಹುದು. ವಕೀಲರ ಖರ್ಚಿಲ್ಲ. ಗಂಡನ ಮನೆಯಿಂದ ಅವಳನ್ನು ಸುಮ್ನೆ ಹೊರಗೆ ಹಾಕುವ ಹಾಗಿಲ್ಲ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಗೆ ಸಂರಕ್ಷಣಾಧಿಕಾರಿಗಳು. ಅವರಿಗೆ ವರದಿ ಹೋಯಿತು. ಇದನ್ನೆಲ್ಲ ಹೇಳುವುದು ಪೊಲೀಸರ ಕರ್ತವ್ಯ ಅಂತ ಕಾಯ್ದೆಯಲ್ಲೇ ಇದೆ. "ಗಂಡ ಹೆಂಡ್ತಿ ಜಗಳ, ರಾಜಿ ಮಾಡ್ಕೊಳಿ" ಅನ್ನುವ ಠಾಣೆಗಳನ್ನು ನಾನು ನೋಡಿದ್ದೇನೆ. ಅವತ್ತು ಹಾಗೆ ಆಗಲಿಲ್ಲ.

ಅವಳು ಕೇಸು ಬೇಡ ಅಂದಳು. ತವರಿಗೆ ಹೋಗಬೇಕು ಅಂದಳು. 22ಕ್ಕೆ ಲಾಕ್‌ಡೌನ್ ತೆರವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಮದ್ದೂರಿನ ಕಡೆ ಬಸ್ಸು ಹತ್ತಿದಳು. ದೀಪಾವಳಿ ಹೊತ್ತಿಗೆ ವಾಪಸ್ ಬಂದಳು. ಗಂಡನನ್ನು ಶಾಮಿಯಾನಕ್ಕೆ ಕರೆಸಿ ಬರೆಸಿಕೊಂಡಿದ್ದರು. ಆಮೇಲೆ ಎಲ್ಲ ಸರಿಹೋಯಿತು ಅಂತ ನಾನು ಬರೆಯಲಾರೆ. 2021ರಲ್ಲಿ ಇನ್ನೊಮ್ಮೆ ಗಲಾಟೆಯಾಯಿತು. ಆ ಸಲ ಅವಳೇ ಫೋನ್ ಮಾಡಿದಳು, ತನ್ನದೇ ಫೋನಿನಲ್ಲಿ. ಮೇಡಂ ನಂಬರ್ ಅವಳಿಗೆ ಬಾಯಿಪಾಠವಾಗಿತ್ತು.

ಮತ್ತೆ ಪರೀಕ್ಷೆ

2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಗಲಭೆ ಆಯಿತು. ಠಾಣೆಗಳ ಮೇಲೇ ದಾಳಿಯಾಯಿತು. ಊರಿನ ಎಲ್ಲ ಕಡೆಯಿಂದ ಪೊಲೀಸರನ್ನು ಅತ್ತ ಕಳಿಸಿದರು. ನಮ್ಮ ಠಾಣೆಯಿಂದಲೂ ಹೋದರು. ಬೀಟ್ ಸರ್ ಆಗಷ್ಟೇ ಕ್ವಾರಂಟೈನ್ ಮುಗಿಸಿ ಬಂದಿದ್ದರು. ಅವರೂ ಹೋದರು. ಮಾರನೇ ದಿನ ನಾನು ಎದ್ದ ಕೂಡಲೇ ನೋಡಿದ್ದು ಪುಸ್ತಕವನ್ನು. 12ರ ಬೆಳಗಿನ ಜಾವ 2.15ಕ್ಕೆ ಮೇಡಂ ಸಹಿ ಇತ್ತು. ಕೆಳಗೆ ಒಬ್ಬ ಹೋಮ್ ಗಾರ್ಡ್ ಹುಡುಗನ ಸಹಿ, 4.30ಕ್ಕೆ. ಮಸೀದಿ ಕಮಿಟಿಯ ಹಿರಿಯರು ಮತ್ತು ಗುಡಿಯ ಅರ್ಚಕರು ಆ ರಾತ್ರಿ ಮೂಲೆಯ ಕಟ್ಟೆಯಲ್ಲಿ ಒಟ್ಟಿಗೆ ಕೂತಿದ್ದರು. ಮೊಬೈಲಿಗೆ ಬಂದ ಪುಕಾರುಗಳನ್ನು ಹುಡುಗರು ತಂದು ತೋರಿಸಿದಾಗ ಇಬ್ಬರೂ ಸೇರಿ ಅಳಿಸಿಸಿದರು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ.

2021ರ ಎರಡನೇ ಅಲೆಯ ಹೊತ್ತಿಗೆ ಪೊಲೀಸರಿಗೆ ಲಸಿಕೆ ಬಿದ್ದಿತ್ತು. ಏಪ್ರಿಲ್ 27ರಿಂದ ಕರ್ಫ್ಯೂ, ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ ಅಂಗಡಿ. ಈ ಸಲ ಠಾಣೆ ಖಾಲಿಯಾಗಲಿಲ್ಲ. ಮನೆಗಳು ಖಾಲಿಯಾದವು. ಜನ ನನ್ನ ಅಂಗಡಿಗೆ ಬಂದು ರೆಮ್‌ಡೆಸಿವಿರ್ ಕೇಳಿ ಅಳುತ್ತಿದ್ದರು. ಆಗ ಹುಟ್ಟಿಕೊಂಡಿದ್ದು ಇನ್ನೊಂದು ಬಗೆಯ ಅಪರಾಧ. ನಮ್ಮ ಬೀದಿಯ ಒಬ್ಬರು ಅಪ್ಪನಿಗೆ ಆಕ್ಸಿಜನ್ ಸಿಲಿಂಡರ್ ಬೇಕು ಅಂತ ವಾಟ್ಸಾಪಿನಲ್ಲಿ ಬಂದ ನಂಬರಿಗೆ ಮುಂಗಡ ಹಾಕಿದರು. ಹಾಕಿದ ಮೇಲೆ ಆ ನಂಬರ್ ಸ್ವಿಚ್ ಆಫ್. ಬೆಂಗಳೂರು ಪೊಲೀಸರು 2020ರ ಕೊನೆಯಲ್ಲಿ 112ರಲ್ಲೇ ಇಂಥ ಮೋಸದ ದೂರು ತೆಗೆದುಕೊಂಡು ಬ್ಯಾಂಕಿಗೆ ಹೇಳಿ ಹಣ ತಡೆಹಿಡಿಸುವ ವ್ಯವಸ್ಥೆ ಮಾಡಿದ್ದರು. ಮೊದಲ ಗಂಟೆ, ಎರಡು ಗಂಟೆಯೊಳಗೆ ಹೇಳಿದರೆ ಹಣ ಸಿಗುವ ಸಾಧ್ಯತೆ ಜಾಸ್ತಿ. ಇವರಿಗೆ ಅದು ಗೊತ್ತಿರಲಿಲ್ಲ, ಮಾರನೇ ದಿನ ಹೇಳಿದರು. ಹಣ ಬರಲಿಲ್ಲ. ಅಪ್ಪನೂ ಉಳಿಯಲಿಲ್ಲ. ತಾವರೆಕೆರೆ ಹತ್ತಿರದ ಗಿಡ್ಡೇನಹಳ್ಳಿಯ ಬಯಲಿನಲ್ಲಿ ಸಂಸ್ಕಾರ ಮಾಡಿ ಬಂದರು. ಅವತ್ತೇ ಪಾಯಿಂಟ್ ಪುಸ್ತಕದ ಮೇಲೆ ದಪ್ಪ ಅಕ್ಷರದಲ್ಲಿ ಆಗಿನ ನಂಬರುಗಳ ಒಂದು ಚೀಟಿ ಅಂಟಿಸಿದೆ: ದುಡ್ಡು ಹೋದ ಕೂಡಲೇ 112. ಹಿರಿಯರಿಗೆ 1090, ಹೆಣ್ಣುಮಕ್ಕಳಿಗೆ 1091, ಮಕ್ಕಳಿಗೆ 1098.

ಜೂನ್ ಕೊನೆಯಲ್ಲಿ ಬೀಟ್ ಸರ್‌ಗೆ ವರ್ಗ ಆಯಿತು. ಹೊಸಬರನ್ನು ಕರೆದುಕೊಂಡು ಎರಡು ದಿನ ಪೂರ್ತಿ ಬೀದಿ ಸುತ್ತಿಸಿದರು. ಮೇಡಂ ಕೂಡ ಜೊತೆಗಿದ್ದರು. ಕೊನೆಗೆ ನನ್ನ ಅಂಗಡಿಗೆ ಬಂದು ನಿಂತರು. ಹೊಸಬರ ಕೈಯಲ್ಲಿ ಠಾಣೆಯ ಬೀರುವಿನ ಆ ಪಟ್ಟಿ ಇತ್ತು. ಈಗ ನೀಟಾಗಿ ಬೇರೆ ಕಾಗದಕ್ಕೆ ಬರೆದಿದ್ದರು.

"ಸರ್, ಈ ಗೆರೆ ಹೊಡೆದಿರೋ ಮನೆಗಳು?" ಅಂತ ಹೊಸಬರು ಕೇಳಿದರು.

ನಾಲ್ಕು ಮನೆಗೆ ಗೆರೆ ಬಿದ್ದಿತ್ತು. ಹಸಿರು ಗೇಟಿನ ಅಕ್ಕ ಹೋಗಿದ್ದರು. ತಂಗಿಯ ಹೆಸರಿನಲ್ಲಿ ಆ ಮನೆಯನ್ನೇ ಕೆಳಗೆ ಮತ್ತೆ ಬರೆದಿದ್ದರು. ಬೀಟ್ ಸರ್ ಉತ್ತರ ಕೊಡಲಿಲ್ಲ. ಆ ಹೆಸರಿನ ಮೇಲೆ ಬೆರಳಿಟ್ಟು, "ಇವರಿಗೆ ಕಣ್ಣು ಕಾಣಲ್ಲ. ಕೂಗಿ ಹೆಸರು ಹೇಳಿ, ಆಮೇಲೆ ಗೇಟ್ ತೆಗೀರಿ" ಅಂದರು. ಹೊಸಬರು ಪುಸ್ತಕದಲ್ಲಿ ಟೈಮು ಬರೆದು ಸಹಿ ಹಾಕಿ, ಮೂರನೇ ಕ್ರಾಸಿನ ಕಡೆ ನಡೆದರು.